ಹೆಸರು ಅಮೆರಿಕದ್ದು, ಕೈ ಮತ್ಸುಮೊತೊದ್ದು

ಎಲೆಕ್ಟ್ರಿಕ್ ಗಿಟಾರ್ ಎಂದ ಕೂಡಲೇ ನಮಗೆ ಅಮೆರಿಕ ನೆನಪಾಗುತ್ತದೆ. ಆದರೆ ಹಳೆಯ ಗಿಟಾರ್ ಹುಡುಕುವವರು ಇಂದು ಆಸೆಯಿಂದ ಕೇಳುವ ಗಿಟಾರುಗಳಲ್ಲಿ ಒಂದು ಜಪಾನಿನದು. ಅದರ ತಲೆಯ ಮೇಲೆ ‘ಸ್ಕ್ವಯರ್’ ಎಂಬ ಅಮೆರಿಕನ್ ಹೆಸರು. ಹಿಂಬದಿಯ ಲೋಹದ ತಗಡಿನ ಮೇಲೆ ‘ಜೆವಿ’ ಎಂದು ಆರಂಭವಾಗುವ ಸಂಖ್ಯೆ. ಈ ಸರಣಿ ಶುರುವಾದದ್ದು 1982ರಲ್ಲಿ. ನಡೆದದ್ದು ಎರಡು-ಮೂರು ವರ್ಷ ಮಾತ್ರ. ಅಗ್ಗದ ಮಾಲೆಂದು ಮಾರುಕಟ್ಟೆಗೆ ಬಂದದ್ದಕ್ಕೆ ಇಷ್ಟು ಬೆಲೆ ಹೇಗೆ ಬಂತು? ಬೇರೆಯವರ ಹೆಸರಿನಡಿ ದುಡಿಯುವ ನಮ್ಮಂಥವರು ತಿಳಿಯಬೇಕಾದ ಚರಿತ್ರೆ ಇದು.

ನಾಗಾನೊ ಪ್ರಾಂತ್ಯದ ಮತ್ಸುಮೊತೊ ಬೆಟ್ಟಗಳ ನಡುವಿನ ಊರು. ಮರಗೆಲಸಕ್ಕೆ ಹಿಂದಿನಿಂದಲೂ ಹೆಸರಾದದ್ದು. ಶಿನಿಚಿ ಸುಜುಕಿ ಅವರು ಪುಟ್ಟ ಮಕ್ಕಳಿಗೆ ಪಿಟೀಲು ಕಲಿಸುವ ಪದ್ಧತಿಯನ್ನು ಬೆಳೆಸಿದ್ದೂ ಇಲ್ಲೇ. 1960ರಲ್ಲಿ ಯೊಕೊಉಚಿ ಮತ್ತು ಮಿಮುರಾ ಎಂಬ ಇಬ್ಬರು ಇಲ್ಲಿ ‘ಫುಜಿಗೆನ್’ ಕಾರ್ಖಾನೆ ತೆರೆದರು. ‘ಗೆನ್’ ಎಂದರೆ ತಂತಿ. 1965ರಲ್ಲಿ ಅಮೆರಿಕದ ವೆಂಚರ್ಸ್ ತಂಡ ಜಪಾನಿನಲ್ಲಿ ಕಛೇರಿ ನಡೆಸಿದ ಮೇಲೆ ಅಲ್ಲಿನ ಯುವಕರಿಗೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿಯಿತು. ಅದಕ್ಕೆ ಅವರು ‘ಎಲೆಕಿ’ ಎಂದು ಹೆಸರಿಟ್ಟರು. ಎಷ್ಟೋ ಕಾರ್ಖಾನೆಗಳು ಎದ್ದವು, ಎಲ್ಲವೂ ನಿಲ್ಲಲಿಲ್ಲ. 1946ರಲ್ಲಿ ಹುಟ್ಟಿದ ಟೈಸ್ಕೊ 1967ರಲ್ಲಿ ಕವಾಯ್ ಕಂಪನಿಯ ಪಾಲಾಯಿತು.

ಎಪ್ಪತ್ತರ ದಶಕದಲ್ಲಿ ಉಳಿದವರ ಕೈಗೆ ಸಿಕ್ಕ ಕೆಲಸ ನಕಲು. ನಗೋಯಾದ ಹೊಶಿನೊ ಸಂಸ್ಥೆಯ ‘ಐಬನೇಜ್’, ಕಾಂಡಾ ಶೋಕಾಯ್ ಸಂಸ್ಥೆಯ ‘ಗ್ರೆಕೊ’ ಎರಡೂ ಗಿಬ್ಸನ್, ಫೆಂಡರ್ ಗಿಟಾರುಗಳ ಪಡಿಯಚ್ಚುಗಳನ್ನು ಮಾರುತ್ತಿದ್ದವು. ಎರಡಕ್ಕೂ ಗಿಟಾರ್ ಮಾಡಿಕೊಡುತ್ತಿದ್ದದ್ದು ಫುಜಿಗೆನ್. ಔಷಧದ ಪೆಟ್ಟಿಗೆಯಲ್ಲಿ ಮಾರುವವರ ಹೆಸರು ದೊಡ್ಡದಾಗಿ, ತಯಾರಿಸಿದವರ ಹೆಸರು ಸಣ್ಣಕ್ಷರದಲ್ಲಿ ಇರುವುದಿಲ್ಲವೇ? ಇಲ್ಲಿ ಸಣ್ಣಕ್ಷರವೂ ಇರಲಿಲ್ಲ.

1977ರಲ್ಲಿ ಗಿಬ್ಸನ್‌ನ ಒಡೆಯನಾಗಿದ್ದ ನಾರ್ಲಿನ್ ಕಂಪನಿ ಫಿಲಡೆಲ್ಫಿಯಾದಲ್ಲಿ ದಾವೆ ಹೂಡಿತು. ಪ್ರತಿವಾದಿ, ಹೊಶಿನೊದ ಅಮೆರಿಕನ್ ಶಾಖೆ ಎಲ್ಗರ್. ತಕರಾರು ಇದ್ದದ್ದು ಗಿಟಾರಿನ ತಲೆಯ ಆಕಾರದ ಬಗ್ಗೆ. ಮರುವರ್ಷ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಈಗ ವ್ಯಾಪಾರಿಗಳು ಆ ಕಾಲದ ಯಾವುದೇ ಜಪಾನಿ ಗಿಟಾರನ್ನು ‘ಲಾಸೂಟ್ ಗಿಟಾರ್’ ಎಂದು ಮಾರುತ್ತಾರೆ. ನಿಜವಾಗಿ ಮೊಕದ್ದಮೆ ಒಂದೇ, ಅದೂ ಒಂದೇ ಸಂಸ್ಥೆಯ ಮೇಲೆ.

ಅಷ್ಟರಲ್ಲಿ ಅಮೆರಿಕದ ಫೆಂಡರ್ ಗಿಟಾರಿನ ಗುಣಮಟ್ಟದ ಬಗ್ಗೆ ವಾದಕರೇ ಗೊಣಗುತ್ತಿದ್ದರು. ಗ್ರೆಕೊ, ತೊಕಾಯ್ ನಕಲುಗಳು ಅಸಲಿಗೇ ಸವಾಲಾದವು. ಆಗ ಫೆಂಡರ್ ಜಾಣತನದ ಹೆಜ್ಜೆ ಇಟ್ಟಿತು. 1982ರಲ್ಲಿ ಕಾಂಡಾ ಶೋಕಾಯ್ ಮತ್ತು ಯಮಾನೊ ಗಕ್ಕಿ ಜೊತೆ ಸೇರಿ ‘ಫೆಂಡರ್ ಜಪಾನ್’ ಕಟ್ಟಿ, ತಯಾರಿಕೆಯನ್ನು ಫುಜಿಗೆನ್‌ಗೆ ಒಪ್ಪಿಸಿತು. ನಿನ್ನೆಯವರೆಗೆ ನಕಲು ಮಾಡುತ್ತಿದ್ದ ಕೈಗಳೇ ಅಸಲು ಮಾಡತೊಡಗಿದವು. ಹೊರದೇಶಕ್ಕೆ ಹೋಗುವ ಮಾಲಿಗೆ ‘ಸ್ಕ್ವಯರ್’ ಹೆಸರು ಅಂಟಿತು. ಅದು ಫೆಂಡರ್ 1965ರಲ್ಲಿ ಕೊಂಡಿದ್ದ ಒಂದು ತಂತಿ ಕಂಪನಿಯ ಹೆಸರು.

ಈ ಸರಣಿಯ ಸ್ಟ್ರಾಟೊಕಾಸ್ಟರ್ 1957 ಮತ್ತು 1962ರ ಮಾದರಿಗಳ ಪಡಿ. ಮೂರು ಪಿಕಪ್, 21 ಫ್ರೆಟ್, ಕಿರಿದಾದ ತಲೆ. ಕೊಳ್ಳುವವರು ಮೊದಲು ನೋಡುವುದು ಸಂಖ್ಯೆಯನ್ನು. ಆದರೆ ಆ ತಗಡು ನಿಂತಿರುವುದು ನಾಲ್ಕು ಸ್ಕ್ರೂಗಳ ಮೇಲೆ. ಬಿಚ್ಚಿ ಬೇರೆ ಗಿಟಾರಿಗೆ ಹಾಕಲು ಐದು ನಿಮಿಷ ಸಾಕು. ಪೆಟ್ಟಿಗೆಯ ಬ್ಯಾಚ್ ನಂಬರನ್ನು ಒಳಗಿನ ಸ್ಟ್ರಿಪ್ ಜೊತೆ ತಾಳೆ ನೋಡುವಂತೆ ಇಲ್ಲೂ ಒಳಭಾಗ ನೋಡಬೇಕು: ಪಿಕಪ್ ಮೂಲದ್ದೇ, ಬೆಸುಗೆ ಹೊಸದೇ, ಫ್ರೆಟ್ ಸವೆದಿದೆಯೇ, ಕುತ್ತಿಗೆ ನೇರವಿದೆಯೇ. ಕುತ್ತಿಗೆ ಸರಿಪಡಿಸುವ ರಾಡಿನ ತಿರುಪು ದೇಹದ ಕಡೆಯ ತುದಿಯಲ್ಲಿರುವುದರಿಂದ ಅದಕ್ಕಾಗಿ ಕುತ್ತಿಗೆಯನ್ನೇ ಬಿಚ್ಚಬೇಕಾಗುತ್ತದೆ.

ನಮ್ಮ ಗಲ್ಫ್ ಹವೆಗೂ ಒಂದು ಮಾತು. ಎಸಿ ಕೋಣೆಯ ಒಣಗಾಳಿಗೆ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಹೊರಚಾಚಿ ಬೆರಳಿಗೆ ಚುಚ್ಚುತ್ತವೆ. ಸಮುದ್ರದ ಉಪ್ಪುಗಾಳಿಗೆ ಸ್ಕ್ರೂ, ಸೇತುವೆ ತುಕ್ಕು ಹಿಡಿಯುತ್ತವೆ. ಬಳಸದಾಗ ಪೆಟ್ಟಿಗೆಯೊಳಗೆ ಇಡುವುದೇ ಲೇಸು.

1985ರ ಪ್ಲಾಜಾ ಒಪ್ಪಂದದ ನಂತರ ಯೆನ್ ಏರಿತು, ಜಪಾನಿನ ಮಾಲು ದುಬಾರಿಯಾಯಿತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಸ್ಕ್ವಯರ್ ಕೆಲಸ ಕೊರಿಯಾಕ್ಕೆ ಹೋಯಿತು. ಅಗ್ಗದ ದುಡಿಮೆ ಹುಡುಕಿ ಬಂದ ಕೆಲಸ ಇನ್ನೂ ಅಗ್ಗದ ಕಡೆಗೆ ಹೋಗುವುದು ನಮಗೆ ಹೊಸದಲ್ಲ. ಆದರೆ ಕೆಲಸ ಹೋದರೂ ಕಲಿತದ್ದು ಹೋಗಲಿಲ್ಲ. ಫುಜಿಗೆನ್ ಇಂದು ತನ್ನದೇ ಹೆಸರಿನಲ್ಲೂ ಗಿಟಾರ್ ಮಾರುತ್ತಿದೆ. ಹಳೆಯ ‘ಜೆವಿ’ ಕೊಳ್ಳುವವರು ಈಗ ತಲೆಯ ಮೇಲಿನ ಹೆಸರಿಗಷ್ಟೇ ಹಣ ಕೊಡುತ್ತಿಲ್ಲ. ಮತ್ಸುಮೊತೊದ ಆ ಕೈಗಳಿಗೂ ಕೊಡುತ್ತಿದ್ದಾರೆ.