ತೋಳಿನ ಮೇಲಿನ ದೇವಿ ಗುರುತು

ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳು ಹೈದರಾಬಾದ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದುದು 1956ರಲ್ಲಿ. ಈ ರಾಜಕೀಯ ಇತಿಹಾಸಕ್ಕೆ ದೊರೆತ ಗಮನ ಇಲ್ಲಿನ ಹಿರಿಯರ ತೋಳಿನಲ್ಲುಳಿದ ಸಿಡುಬು ಲಸಿಕೆಯ ಗುರುತಿಗೆ ದೊರೆಯಬೇಕಾಗಿದೆ. ರೋಗಕ್ಕೂ ಅದರ ಲಸಿಕೆಗೂ ‘ದೇವಿ’ ಎಂಬ ಒಂದೇ ಹೆಸರು ನಿಂತುದು ಕುತೂಹಲಕರ.

ಭಾರತದಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ತಿರುಗುಸೂಜಿ. ಚರ್ಮದ ಮೇಲೆ ಲಸಿಕೆಯ ಹನಿಯಿಟ್ಟು, ಹಲ್ಲುಗಳುಳ್ಳ ಪುಟ್ಟ ಬಿಲ್ಲೆಯನ್ನು ಅದರ ಮೇಲೊತ್ತಿ ಬೆರಳುಗಳಿಂದ ತಿರುಗಿಸುತ್ತಿದ್ದರು. ಗಾಯ ದೊಡ್ಡದು, ನೋವೂ ಹೆಚ್ಚು. ಅದಕ್ಕೆ ಹೆದರಿದವರನ್ನು ಮೂಢರೆಂದು ತಳ್ಳಿಹಾಕುವುದು ನ್ಯಾಯವಲ್ಲ.

1960ರ ದಶಕದಲ್ಲಿ ಪಶ್ಚಿಮ ಆಫ್ರಿಕದಲ್ಲಿ ಕಾಲಿನಿಂದ ಒತ್ತಡ ತುಂಬುವ, ಸೂಜಿಯೇ ಇಲ್ಲದ ಯಂತ್ರಪಿಚಕಾರಿಗಳು ಗಂಟೆಗೆ ಸುಮಾರು 1,000 ಮಂದಿಗೆ ಲಸಿಕೆ ನೀಡಬಲ್ಲವಾಗಿದ್ದವು. ಅವು ಜನ ಸಾಲುಗಟ್ಟಿ ನಿಲ್ಲುವೆಡೆಗೆ ಯೋಗ್ಯ. ಮನೆಮನೆಗೆ ಹೋಗಬೇಕಾದ ಭಾರತದಲ್ಲಿ ಗೆದ್ದುದು ಬೆಂಜಮಿನ್ ರೂಬಿನ್ ರೂಪಿಸಿದ ಕವಲುಸೂಜಿ. ಎರಡು ಮೊನೆಗಳ ನಡುವೆ ಹನಿ ನಿಲ್ಲುತ್ತಿತ್ತು. 15 ಚುಚ್ಚು ಸಾಕಾಗುತ್ತಿತ್ತು. ವಿದ್ಯುತ್ತೂ ಬೇಡ, ದುರಸ್ತಿಗಾರನೂ ಬೇಡ.

ದೇಶದ ಕೊನೆಯ ಸಿಡುಬು ಪ್ರಕರಣ 1975ರ ಮೇ ತಿಂಗಳಿನದು. ಲಸಿಕೆ ನಿಂತ ಬಳಿಕ ಹುಟ್ಟಿದವರಲ್ಲಿ ಈ ಗುರುತಿಲ್ಲ. ಅವರ ಎಡತೋಳಿನ ಕಲೆ ಕ್ಷಯನಿರೋಧಕ ಬಿ.ಸಿ.ಜಿ.ಯದು, ಕ್ಷೇತ್ರಕಾರ್ಯ ಕೈಗೊಳ್ಳುವವರು ಇವೆರಡನ್ನು ಬೆರೆಸಬಾರದು.