ಗುಜರಿಗೆ ಹೋದ ಕುರ್ಚಿ

ತೇಗದ ಮರ, ‘ವಿ’ ಆಕಾರದ ಕಾಲು, ಬೆತ್ತ ಹೆಣೆದ ಸೀಟು. ‘ಮಿಡ್ ಸೆಂಚುರಿ’ ಅಂತ ಆನ್‌ಲೈನ್‌ನಲ್ಲಿ ಹುಡುಕಿದರೆ ಈ ಕುರ್ಚಿಯ ನಕಲು ಸಿಕ್ಕೇ ಸಿಗುತ್ತೆ. ನೋಡೋಕೆ ಫಾರಿನ್ ಅನ್ನಿಸಿದರೂ ಇದು ಹುಟ್ಟಿದ್ದು ಚಂಡೀಗಢದಲ್ಲಿ.

1950ರ ದಶಕದಲ್ಲಿ ಆ ಊರು ಕಟ್ಟುವಾಗ ಕಚೇರಿ, ಕಾಲೇಜು, ಕ್ವಾರ್ಟರ್ಸ್‌ಗಳಿಗೆ ಸಾವಿರಾರು ಕುರ್ಚಿ-ಮೇಜು ಬೇಕಿತ್ತು. ದುಡ್ಡು ಮಾತ್ರ ಕಮ್ಮಿ. ಲೆ ಕಾರ್ಬ್ಯೂಸಿಯೆಯ ಸೋದರಸಂಬಂಧಿ ಪಿಯರ್ ಜೆನರೆ, ಯೂಲಿ ಚೌಧರಿಯಂಥ ಭಾರತೀಯ ವಾಸ್ತುಶಿಲ್ಪಿಗಳ ಜೊತೆ ಸೇರಿ, ಅಲ್ಲಿನ ಬಡಗಿಗಳ ಕೈಗೆ ಒಗ್ಗುವಂಥ ವಿನ್ಯಾಸ ಮಾಡಿದರು. ಬೆತ್ತ ಅಗ್ಗ, ಸೆಕೆಗಾಲದಲ್ಲಿ ಬೆನ್ನಿಗೆ ಗಾಳಿಯೂ ಆಡುತ್ತೆ.

ವರ್ಷಗಳು ಕಳೆದವು, ಬೆತ್ತ ಹರಿಯಿತು. ಸರ್ಕಾರಿ ಕಚೇರಿಗಳು ಗುಜರಿ ಲೆಕ್ಕದಲ್ಲಿ ಹರಾಜು ಹಾಕಿದವು. ವಿದೇಶಿ ವ್ಯಾಪಾರಿಗಳು ಅವನ್ನೇ ಕೊಂಡು, ರಿಪೇರಿ ಮಾಡಿಸಿ, ಯುರೋಪ್, ಅಮೆರಿಕದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಮಾರಾಟಕ್ಕೆ ತಡೆ ಹಾಕುವ ಹೊತ್ತಿಗೆ ಎಷ್ಟೋ ಕುರ್ಚಿಗಳು ಗಡಿ ದಾಟಿಯಾಗಿತ್ತು.

ಜೆನರೆ 1965ರವರೆಗೆ ವಾಸವಿದ್ದ ಸೆಕ್ಟರ್ 5ರ ಮನೆಯನ್ನು ದುರಸ್ತಿ ಮಾಡಿ 2017ರಲ್ಲಿ ಮ್ಯೂಸಿಯಂ ಆಗಿ ತೆರೆದರು. ಊರು ತನ್ನ ಸಾಮಾನಿನ ಬೆಲೆ ತಿಳಿದದ್ದು ಬೇರೆಯವರು ಕೊಂಡೊಯ್ದ ಮೇಲೆ.

ಹಾಗಾಗಿ ಹಳೇ ಮನೆಗೆ ಆ ಕಾಲದ ಕಳೆ ತರಬೇಕು ಅನ್ನೋರು ಶೋರೂಮಿಗೆ ಹೋಗುವ ಮುಂಚೆ ಒಮ್ಮೆ ಅಟ್ಟ ಹತ್ತಿ ನೋಡಿ. ಅಲ್ಲಿ ಬೆತ್ತ ಕಿತ್ತ ಕುರ್ಚಿ ಇದ್ದರೆ, ಹೆಣೆಯೋರನ್ನ ಹುಡುಕಿ. ಅಸಲನ್ನ ಗುಜರಿಗೆ ಹಾಕಿ ನಕಲಿಗೆ ಇಎಂಐ ಕಟ್ಟೋದು ಯಾವ ಲೆಕ್ಕ?