ಡ್ಯುಯಲ್ ಕ್ಲಚ್ ಕಾರುಗಳ ‘ತೆವಳು ನಡೆ’

ಆಟೋಮ್ಯಾಟಿಕ್ ಕಾರನ್ನು ಡ್ರೈವ್ ಸ್ಥಾನದಲ್ಲಿರಿಸಿ ಬ್ರೇಕಿನಿಂದ ಕಾಲು ತೆಗೆದರೆ, ಆಕ್ಸಿಲರೇಟರ್ ಮುಟ್ಟದಿದ್ದರೂ ಅದು ನಡಿಗೆಯ ವೇಗದಲ್ಲಿ ಮುಂದೆ ಸಾಗತೊಡಗುತ್ತದೆ. ವಾಹನ ತಂತ್ರಜ್ಞರು ಇದನ್ನು ‘ಕ್ರೀಪ್’ ಎನ್ನುತ್ತಾರೆ. ಕನ್ನಡದಲ್ಲಿ ತೆವಳು ನಡೆ ಎನ್ನಬಹುದು. ಎಲ್ಲ ಆಟೋಮ್ಯಾಟಿಕ್ ಕಾರುಗಳಲ್ಲೂ ಈ ನಡೆ ಹೊರನೋಟಕ್ಕೆ ಒಂದೇ ಬಗೆಯದು. ಆದರೆ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ನಲ್ಲಿ ಅದು ಹುಟ್ಟುವ ಬಗೆಯೇ ಬೇರೆ. ಈ ವ್ಯತ್ಯಾಸವನ್ನು ಅರಿಯದ ಚಾಲಕ ಅದರ ಬೆಲೆಯನ್ನು ಕ್ಲಚ್ಚಿನ ರೂಪದಲ್ಲಿ ತೆರಬೇಕಾಗುತ್ತದೆ.

ಹಳೆಯ ಮಾದರಿಯ ಆಟೋಮ್ಯಾಟಿಕ್ ಕಾರುಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತದೆ. ಎದುರುಬದುರಾಗಿಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವಂತೆ, ಎಂಜಿನ್ ಕಲಕಿದ ಎಣ್ಣೆಯು ಗೇರ್‌ಬಾಕ್ಸನ್ನು ತಳ್ಳುತ್ತದೆ. ತೆವಳು ನಡೆ ಇಲ್ಲಿ ಸಹಜ ಗುಣ. ಉಂಟಾಗುವ ಶಾಖವನ್ನು ಎಣ್ಣೆ ಹೀರಿಕೊಳ್ಳುವುದರಿಂದ ಸವೆಯುವಂಥದ್ದೇನೂ ಇಲ್ಲ.

ಡ್ಯುಯಲ್ ಕ್ಲಚ್ ವ್ಯವಸ್ಥೆಯಲ್ಲಿ ಒಂದು ಕ್ಲಚ್ 1, 3, 5ನೇ ಗೇರುಗಳನ್ನೂ ಮತ್ತೊಂದು 2, 4, 6ನೇ ಗೇರುಗಳನ್ನೂ ನೋಡಿಕೊಳ್ಳುತ್ತದೆ. ಒಂದು ಬಿಡುವಾಗಲೇ ಮತ್ತೊಂದು ಹಿಡಿಯುವುದರಿಂದ ಗೇರ್ ಬದಲಾವಣೆ ಕ್ಷಣಾರ್ಧದಲ್ಲಿ ಮುಗಿಯುತ್ತದೆ. 1980ರ ದಶಕದಲ್ಲಿ ಪೋರ್ಷೆ ತನ್ನ ರೇಸ್ ಕಾರುಗಳಲ್ಲಿ ಪ್ರಯೋಗಿಸಿದ್ದ ಈ ತಂತ್ರ, 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಮೂಲಕ ಸಾಮಾನ್ಯ ರಸ್ತೆಗೆ ಇಳಿಯಿತು. ಇಲ್ಲಿ ಎಂಜಿನ್ನಿನ ಬಲವನ್ನು ದಾಟಿಸುವುದು ಎಣ್ಣೆಯ ಹರಿವಲ್ಲ, ಕ್ಲಚ್ ಫಲಕಗಳ ಉಜ್ಜಾಟ. ಬ್ರೇಕ್ ಬಿಟ್ಟೊಡನೆ ಕಂಪ್ಯೂಟರ್ ಮೊದಲ ಗೇರಿನ ಕ್ಲಚ್ಚನ್ನು ಅರ್ಧದಷ್ಟೇ ತಾಗಿಸಿ, ಟಾರ್ಕ್ ಕನ್ವರ್ಟರಿನ ನಡೆಯನ್ನು ಅನುಕರಿಸುತ್ತದೆ. ನಮ್ಮ ಚಾಲಕರ ಮಾತಿನಲ್ಲಿ ಹೇಳುವುದಾದರೆ, ಕಂಪ್ಯೂಟರ್ ‘ಹಾಫ್ ಕ್ಲಚ್’ ಹಿಡಿಯುತ್ತದೆ.

ಸಮತಟ್ಟಾದ ರಸ್ತೆಯಲ್ಲಿ ಕಾರು ಗಂಟೆಗೆ ಸುಮಾರು 5ರಿಂದ 7 ಕಿ.ಮೀ. ವೇಗ ಪಡೆದರೆ, ಕ್ಲಚ್ಚಿನ ಎರಡೂ ಬದಿಗಳ ವೇಗ ಬಹುಮಟ್ಟಿಗೆ ಸಮನಾಗಿ ಉಜ್ಜಾಟ ನಿಲ್ಲುತ್ತದೆ. ಹೀಗಾಗಿ ತೆವಳು ನಡೆಯೇ ಹಾನಿಕರವೆಂಬ ಮಾತು ಸರಿಯಲ್ಲ. ತೊಂದರೆ ಇರುವುದು ಅದಕ್ಕಿಂತ ಕೆಳಗಿನ ವೇಗದಲ್ಲಿ. ಬ್ರೇಕನ್ನು ಅರ್ಧ ಒತ್ತಿ ಅರ್ಧ ಬಿಟ್ಟು ಕಾರನ್ನು ಗೇಣುಗೇಣಾಗಿ ಸರಿಸುವಾಗ, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆಯ ಹೊತ್ತು ಸರಿಸುವಂತೆ, ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಇದಕ್ಕಿಂತ ಕೆಟ್ಟದ್ದು ಏರಿನಲ್ಲಿ ಬ್ರೇಕ್ ಹಾಕದೆ, ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ. ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಸಿಲುಕಿದಾಗ ಹೀಗೆ ಮಾಡಿದರೆ ಕ್ಲಚ್ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ. ಅನೇಕ ಕಾರುಗಳು ಆಗ ಎಚ್ಚರಿಕೆಯ ಸಂದೇಶ ತೋರಿಸುತ್ತವೆ. ನಿರ್ಲಕ್ಷಿಸಿದರೆ ಗೇರ್‌ಬಾಕ್ಸ್ ತನ್ನನ್ನು ಉಳಿಸಿಕೊಳ್ಳಲು ಎಂಜಿನ್ನಿನ ಸಂಪರ್ಕವನ್ನೇ ಕಡಿದುಕೊಳ್ಳಬಹುದು.

ಕ್ಲಚ್ಚುಗಳಲ್ಲಿ ಒಣ ಮತ್ತು ಎಣ್ಣೆಯಲ್ಲಿ ಮುಳುಗಿದ ಎರಡು ಬಗೆಗಳಿವೆ. ಒಣ ಬಗೆಯದು ಹಗುರ, ಇಂಧನದಲ್ಲೂ ಮಿತವ್ಯಯಿ. ಆದರೆ ಶಾಖ ಹೊರಹಾಕಲು ಸುತ್ತಲಿನ ಗಾಳಿಯೇ ಗತಿ. 2013ರಲ್ಲಿ ಭಾರತಕ್ಕೆ ಬಂದ ಪೋಲೊ ಜಿಟಿ ಟಿಎಸ್‌ಐ, 2019ರ ಹ್ಯುಂಡೈ ವೆನ್ಯೂ ಈ ವರ್ಗದವು. 2022ರಲ್ಲಿ ಟಾಟಾ ಆಲ್ಟ್ರೋಜ್‌ಗೆ ಅಳವಡಿಸಿದ್ದು ಎಣ್ಣೆಯ ಬಗೆ. ನಿತ್ಯ ದಟ್ಟಣೆಯಲ್ಲೇ ಓಡಾಡುವವರು ಕಾರು ಕೊಳ್ಳುವ ಮುನ್ನ ಮಾರಾಟಗಾರರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು, ಮೈಲೇಜ್ ಅಲ್ಲ.

ಒಣ ಕ್ಲಚ್ಚನ್ನು ಕಂಪ್ಯೂಟರ್ ನಯವಾಗಿ ತಾಗಿಸಲಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಫೋರ್ಡ್‌ನ ‘ಪವರ್‌ಶಿಫ್ಟ್’ ನಿದರ್ಶನ. ಅಮೆರಿಕದಲ್ಲಿ 2012ರಿಂದ 2016ರವರೆಗಿನ ಫೋಕಸ್ ಕಾರುಗಳು ನಿಧಾನ ವೇಗದಲ್ಲಿ ನಡುಗುತ್ತವೆ ಎಂದು ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರು. ಗ್ರಾಹಕರ ಇಂಥವೇ ದೂರುಗಳನ್ನು ನಿರ್ವಹಿಸಿದ ರೀತಿಗಾಗಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 2018ರಲ್ಲಿ ಕಂಪೆನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಹೋಂಡಾ ಬೇರೆ ದಾರಿ ಹಿಡಿದು, 2015ರ ಮಾದರಿಯ ಅಕ್ಯುರಾ ಟಿಎಲ್‌ಎಕ್ಸ್‌ನಲ್ಲಿ ಡ್ಯುಯಲ್ ಕ್ಲಚ್ಚಿಗೇ ಟಾರ್ಕ್ ಕನ್ವರ್ಟರ್ ಜೋಡಿಸಿತು. ತೆವಳು ನಡೆಯನ್ನು ಅನುಕರಿಸುವ ಬದಲು ಅಸಲನ್ನೇ ತಂದಂತಾಯಿತು!

ಚಾಲಕರು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಮುಂದಿನ ವಾಹನ ಒಂದಡಿ ಸರಿದೊಡನೆ ತಾವೂ ಸರಿಯದೆ, ಒಂದೆರಡು ಕಾರುಗಳಷ್ಟು ಜಾಗ ಬಿಟ್ಟ ಬಳಿಕ ಒಮ್ಮೆಗೇ ಹೊರಡಬೇಕು. ನಿಂತಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಬೇಕು. ಆಗ ಬಹುತೇಕ ಕಾರುಗಳಲ್ಲಿ ಕ್ಲಚ್ ತಾನಾಗಿ ಬಿಡಿಸಿಕೊಳ್ಳುವುದರಿಂದ, ಪ್ರತಿ ಸಿಗ್ನಲ್ಲಿನಲ್ಲೂ ನ್ಯೂಟ್ರಲ್‌ಗೆ ಹಾಕಬೇಕೆಂಬ ಜನಪ್ರಿಯ ಸಲಹೆಗೆ ಹೆಚ್ಚಿನ ಅರ್ಥವಿಲ್ಲ. ಆಟೋ ಹೋಲ್ಡ್ ಸೌಲಭ್ಯವಿದ್ದರೆ ಬಳಸಬೇಕು. ಹಿಲ್ ಹೋಲ್ಡ್ ಕಾರನ್ನು ಹಿಡಿದಿಡುವುದು ಒಂದೆರಡು ಸೆಕೆಂಡ್ ಮಾತ್ರ. ಅಷ್ಟರಲ್ಲಿ ಆಕ್ಸಿಲರೇಟರ್ ಒತ್ತದಿದ್ದರೆ ಕಡಿದಾದ ಏರಿನಲ್ಲಿ ಕಾರು ಹಿಂದಕ್ಕೆ ಜಾರಬಹುದು.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ರಿವರ್ಸ್ ಗೇರಿನಲ್ಲಿ ಮೇಲೇರುವ ಸನ್ನಿವೇಶವಂತೂ ಕ್ಲಚ್ಚಿಗೆ ಅಗ್ನಿಪರೀಕ್ಷೆಯೇ ಸರಿ. ಕೆಳಗೆ ಸಮತಟ್ಟಾದ ಜಾಗದಲ್ಲಿ ಕಾದು, ದಾರಿ ತೆರವಾದ ಮೇಲೆ ನಡುವೆ ನಿಲ್ಲಿಸದೆ ಹತ್ತುವುದು ಲೇಸು. ಸುಟ್ಟ ವಾಸನೆ ಬಂದರೆ ಸುರಕ್ಷಿತ ಸ್ಥಳದಲ್ಲಿ ಕಾರು ನಿಲ್ಲಿಸಿ, ಪಾರ್ಕ್ ಸ್ಥಾನಕ್ಕೆ ಹಾಕಿ, ಕ್ಲಚ್ ತಣಿಯಲು ಬಿಡಬೇಕು.